ಯಂತ್ರಬಲದ ಜಾತ್ರೆ: ಯಲಹಂಕದ ವೈಮಾನಿಕ ಪ್ರದರ್ಶನದ ಚರಿತ್ರೆ ಮತ್ತು ಆಕರ್ಷಣೆ

ಒಂದು ಕೆಲಸಕ್ಕೆಂದು ಕಟ್ಟಿದ ಯಂತ್ರವನ್ನು ಆ ಕೆಲಸದಿಂದ ಬಿಡಿಸಿ ತಂದು, ಅದರ ಬಲ, ವೇಗ, ಸದ್ದು ಮತ್ತು ಚುರುಕುಗಳನ್ನಷ್ಟೇ ಜನರ ಕಣ್ಣೆದುರು ಇಡುವ ಪ್ರದರ್ಶನಗಳು ಇಪ್ಪತ್ತನೆಯ ಶತಮಾನ ಹುಟ್ಟುಹಾಕಿದ ಸಾರ್ವಜನಿಕ ಮನರಂಜನೆಗಳಲ್ಲಿ ಪ್ರಮುಖವಾದವು. ಅಮೆರಿಕದ ಕ್ರೀಡಾಂಗಣಗಳಲ್ಲಿ ಆಳೆತ್ತರದ ಗಾಲಿಗಳ ಮೇಲೆ ನಿಂತ ಮಾನ್‌ಸ್ಟರ್ ಟ್ರಕ್ಕುಗಳು ಹಳೆಯ ಕಾರುಗಳ ಸಾಲನ್ನು ತುಳಿದು ದಾಟುವುದೂ, ಯಲಹಂಕದ ವಾಯುಪಡೆ ನೆಲೆಯ ಮೇಲೆ ಒಂಬತ್ತು ಜೆಟ್ ವಿಮಾನಗಳು ಒಟ್ಟಾಗಿ ಹೊರಳುವುದೂ ಬೇರೆ ಬೇರೆ ಲೋಕಗಳ ಸಂಗತಿಗಳೆಂದು ತೋರಿದರೂ, ಅವನ್ನು ನೋಡಲು ಸೇರುವ ಜನರ ಕುತೂಹಲ ಒಂದೇ ಜಾತಿಯದು. ಬೆಂಗಳೂರಿನ ಉತ್ತರ ಭಾಗಕ್ಕೆ ಈ ಕುತೂಹಲ ಹೊಸದಲ್ಲ. 1996ರಲ್ಲಿ ಆರಂಭವಾಗಿ, ಸಾಮಾನ್ಯವಾಗಿ ಎರಡು ವರ್ಷಗಳಿಗೊಮ್ಮೆ ಫೆಬ್ರವರಿ ತಿಂಗಳಲ್ಲಿ ನಡೆಯುವ ಏರೋ ಇಂಡಿಯಾ ಎಂಬ ವೈಮಾನಿಕ ಪ್ರದರ್ಶನವು ಹೆಬ್ಬಾಳದಿಂದ ದೇವನಹಳ್ಳಿಯವರೆಗಿನ ಬಳ್ಳಾರಿ ರಸ್ತೆಯ ದಿನಚರಿಯನ್ನೇ ಆ ವಾರ ಬದಲಿಸಿಬಿಡುತ್ತದೆ.

ಏರೋ ಇಂಡಿಯಾ ಮೂಲತಃ ಒಂದು ವ್ಯಾಪಾರ ಮೇಳ. ಅಲ್ಲಿ ಸರ್ಕಾರಗಳೂ ಕಂಪನಿಗಳೂ ವಿಮಾನ, ರಾಡಾರ್, ಕ್ಷಿಪಣಿಗಳ ಖರೀದಿಯ ಮಾತುಕತೆ ನಡೆಸುತ್ತವೆ. ಆದರೆ ಕೊಳ್ಳುವವರೂ ಅಲ್ಲದ, ಮಾರುವವರೂ ಅಲ್ಲದ ಸಾವಿರಾರು ಕುಟುಂಬಗಳು ಬುತ್ತಿ ಕಟ್ಟಿಕೊಂಡು ಬಂದು ಬಿಸಿಲಲ್ಲಿ ನಿಂತು ಆಕಾಶ ನೋಡುವುದೇಕೆ ಎಂಬ ಪ್ರಶ್ನೆಗೆ ವ್ಯಾಪಾರದ ಲೆಕ್ಕದಲ್ಲಿ ಉತ್ತರವಿಲ್ಲ. ಆ ಉತ್ತರವನ್ನು ಯಂತ್ರಪ್ರದರ್ಶನಗಳ ಒಟ್ಟು ಚರಿತ್ರೆಯಲ್ಲಿ ಹುಡುಕುವುದು ಈ ಸಮೀಕ್ಷೆಯ ಉದ್ದೇಶ. ಜನರನ್ನು ಕೊನೆಗೂ ಹಿಡಿದು ನಿಲ್ಲಿಸುವುದು ಯಂತ್ರದ ಬಲಕ್ಕಿಂತ ಆ ಬಲದ ಮೇಲೆ ಮನುಷ್ಯ ಸಾಧಿಸಿದ ಹಿಡಿತವೆಂದೂ, ಆದಕಾರಣ ನೋಡುಗರ ಸುರಕ್ಷತೆ ಮತ್ತು ನೆರೆಹೊರೆಯವರ ಹಿತ ಪ್ರದರ್ಶನದ ಹೊರಗಿನ ವಿಷಯಗಳಲ್ಲವೆಂದೂ ಇಲ್ಲಿ ವಾದಿಸಲಾಗಿದೆ.

ನೆಲದ ಮೇಲಿನ ಬಲಪರೀಕ್ಷೆ

ಯಂತ್ರಪ್ರದರ್ಶನದ ಬೇರುಗಳು ಕೃಷಿಯಲ್ಲಿವೆ. ಅಮೆರಿಕದ ಹಳ್ಳಿಗಳಲ್ಲಿ ಯಾರ ಕುದುರೆ ಹೆಚ್ಚು ಭಾರ ಎಳೆಯುತ್ತದೆ ಎಂಬ ಪಂದ್ಯಗಳು ಬಹಳ ಹಿಂದಿನಿಂದ ನಡೆಯುತ್ತಿದ್ದವು. ಕುದುರೆಯ ಜಾಗಕ್ಕೆ ಟ್ರ್ಯಾಕ್ಟರ್ ಬಂದಾಗ ಪಂದ್ಯವೂ ಅದರ ಜೊತೆಗೆ ಬದಲಾಯಿತು. ಟ್ರ್ಯಾಕ್ಟರ್ ಎಳೆತ ಎಂದು ಕರೆಯುವ ಈ ಸ್ಪರ್ಧೆಯಲ್ಲಿ ಯಂತ್ರದ ಹಿಂದೆ ಕಟ್ಟಿದ ಬಂಡಿಯ ಮೇಲಿನ ತೂಕವು ಬಂಡಿ ಮುಂದೆ ಸಾಗಿದಂತೆಲ್ಲ ತಾನಾಗಿ ಮುಂದಕ್ಕೆ ಸರಿದು ನೆಲವನ್ನು ಒತ್ತುತ್ತ ಹೋಗುವುದರಿಂದ, ಎಳೆದಷ್ಟೂ ಭಾರ ಹೆಚ್ಚುತ್ತದೆ ಮತ್ತು ಹೆಚ್ಚಿನ ಯಂತ್ರಗಳು ಒಂದಲ್ಲ ಒಂದು ಕಡೆ ಸೋತು ನಿಲ್ಲುತ್ತವೆ. 1969ರಲ್ಲಿ ಅಲ್ಲಿ ಈ ಕ್ರೀಡೆಗೆ ರಾಷ್ಟ್ರೀಯ ಮಟ್ಟದ ಸಂಘವೂ ಏಕರೂಪದ ನಿಯಮಗಳೂ ಬಂದವು.

ಮಾನ್‌ಸ್ಟರ್ ಟ್ರಕ್ ಹುಟ್ಟಿದ್ದು ಇದೇ ಅಂಗಳದಲ್ಲಿ. ಮಿಸ್ಸೌರಿ ರಾಜ್ಯದ ಸೇಂಟ್ ಲೂಯಿಸ್ ನಗರದ ಬಳಿ ನಾಲ್ಕು ಚಕ್ರಗಳಿಗೂ ಚಾಲನೆಯುಳ್ಳ ವಾಹನಗಳ ಅಂಗಡಿ ನಡೆಸುತ್ತಿದ್ದ ಬಾಬ್ ಚಾಂಡ್ಲರ್ ತಮ್ಮ 1974ರ ಫೋರ್ಡ್ ಎಫ್-250 ಪಿಕಪ್ ಗಾಡಿಗೆ ಹಂತಹಂತವಾಗಿ ದೊಡ್ಡ ಗಾಲಿಗಳನ್ನೂ ಗಟ್ಟಿ ಅಚ್ಚುಗಳನ್ನೂ ಜೋಡಿಸುತ್ತ ಹೋಗಿ ಅದಕ್ಕೆ ಬಿಗ್‌ಫುಟ್ ಎಂದು ಹೆಸರಿಟ್ಟರು. 1981ರಲ್ಲಿ ಹೊಲವೊಂದರಲ್ಲಿ ಅವರು ಅದನ್ನು ಎರಡು ಗುಜರಿ ಕಾರುಗಳ ಮೇಲೆ ಹತ್ತಿಸಿ ಇಳಿಸಿ ವಿಡಿಯೋ ಮಾಡಿದ್ದೇ ಹೊಸ ಪ್ರಕಾರಕ್ಕೆ ನಾಂದಿಯಾಯಿತು. ಮುಂದೆ ಈ ಗಾಡಿಗಳ ಗುರುತೇ ಆದ 66 ಇಂಚು ಎತ್ತರದ ಗಾಲಿ, ಅಂದರೆ ಸುಮಾರು 1.7 ಮೀಟರ್ ಎತ್ತರದ್ದು, ಮೆತ್ತನೆಯ ಹೊಲದಲ್ಲಿ ಹೂತುಹೋಗದೆ ಗೊಬ್ಬರ ಹರಡುವ ಯಂತ್ರಗಳಿಗೆಂದು ತಯಾರಾದದ್ದು. ಉತ್ತರ ಕೆರೊಲಿನಾದ ಡೆನಿಸ್ ಆಂಡರ್ಸನ್ 1982ರಲ್ಲಿ ಕೆಸರು ಓಟಕ್ಕೆಂದು ಕಟ್ಟಿದ ಗ್ರೇವ್ ಡಿಗ್ಗರ್ ಕ್ರಮೇಣ ಬಿಗ್‌ಫುಟ್‌ನಷ್ಟೇ ಹೆಸರಾಯಿತು. 1989ರಲ್ಲಿ ಬಂದ ಎಂಟನೆಯ ಬಿಗ್‌ಫುಟ್ ಕೊಳವೆಗಳನ್ನು ಬೆಸೆದು ಮಾಡಿದ ಹಂದರ ಮತ್ತು ಸಾರಜನಕ ತುಂಬಿದ ಆಘಾತ ತಡೆಗಳನ್ನು ತಂದ ಬಳಿಕ, ತುಳಿಯುವ ಗಾಡಿ ಹಾರುವ ಗಾಡಿಯಾಯಿತು. 1992ರಲ್ಲಿ ಆರಂಭವಾದ ಮಾನ್‌ಸ್ಟರ್ ಜಾಮ್ ಸರಣಿ ಈ ಆಟವನ್ನು ಅಮೆರಿಕದ ದೊಡ್ಡ ಕ್ರೀಡಾಂಗಣಗಳಿಗೂ ಹೊರದೇಶಗಳಿಗೂ ಕೊಂಡೊಯ್ದಿತು. ಇಂದಿನ ಗಾಡಿ ಸುಮಾರು 5,400 ಕಿಲೋ ತೂಗುತ್ತದೆ. ಮೆಥನಾಲ್ ಉರಿಸುವ ಅದರ ಎಂಜಿನ್ ಸುಮಾರು 1,500 ಅಶ್ವಶಕ್ತಿ ನೀಡುತ್ತದೆ.

ಕರ್ನಾಟಕದಲ್ಲಿಯೂ ಇದೇ ದಾರಿಯ ಹೆಜ್ಜೆಗಳಿವೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಭಾಗದ ಜಾತ್ರೆಗಳಲ್ಲಿ ಎತ್ತುಗಳು ಭಾರವಾದ ಕಲ್ಲು ಜಗ್ಗುವ ಸ್ಪರ್ಧೆ, ತೆರಬಂಡಿ ಸ್ಪರ್ಧೆಗಳು ನಡೆಯುತ್ತವೆ. ಅವುಗಳ ಪಕ್ಕದಲ್ಲಿಯೇ ಈಗ ಟ್ರ್ಯಾಕ್ಟರ್ ಜಗ್ಗುವ ಮತ್ತು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರನ್ನು ಹಿಂದಕ್ಕೆ ಓಡಿಸುವ ಸ್ಪರ್ಧೆಗಳೂ ಸೇರಿಕೊಂಡಿವೆ. ಕೊಡಗಿನಲ್ಲಿ ಕೊಯ್ಲು ಮುಗಿದ ಭತ್ತದ ಗದ್ದೆಗಳಲ್ಲಿ ಕಾರು ಜೀಪುಗಳ ಓಟ ನಡೆಯುತ್ತದೆ. ಹಿಂದಕ್ಕೆ ಓಡಿಸುವ ಸ್ಪರ್ಧೆ ವಿಶೇಷ ಗಮನಕ್ಕೆ ಯೋಗ್ಯವಾದದ್ದು, ಏಕೆಂದರೆ ಅಲ್ಲಿ ಎಂಜಿನ್ನಿನ ಬಲಕ್ಕೆ ಕೆಲಸ ಕಡಿಮೆ. ಹಿಂದಕ್ಕೆ ಸಾಗುವಾಗ ಟ್ರ್ಯಾಕ್ಟರಿನ ಹಿಂಭಾಗ ಒಂದು ಕಡೆಗೆ ಹೊರಳಿದರೆ ಟ್ರೇಲರ್ ಇನ್ನೊಂದು ಕಡೆಗೆ ತಿರುಗುತ್ತದೆ, ನಾಲ್ಕು ಗಾಲಿಯ ಟ್ರೇಲರಿನಲ್ಲಂತೂ ಈ ತಿರುವು ಮತ್ತೊಮ್ಮೆ ಅದಲುಬದಲಾಗುತ್ತದೆ. ಆದ್ದರಿಂದ ಚಾಲಕ ಕತ್ತು ಹೊರಳಿಸಿ ಕೂತು, ಸ್ಟೇರಿಂಗನ್ನು ಬೆರಳಗಲದಷ್ಟು ಆಚೀಚೆ ಆಡಿಸುತ್ತ, ಗಾಡಿ ಓರೆಯಾಗುವ ಮೊದಲೇ ಅದನ್ನು ತಿದ್ದಬೇಕು. ಸುತ್ತ ನಿಂತವರಲ್ಲಿ ಅನೇಕರು ಕಬ್ಬಿನ ಹೊರೆ ಹೊತ್ತ ಟ್ರೇಲರುಗಳನ್ನು ಸ್ವತಃ ಓಡಿಸಿದವರು, ಆ ಕಷ್ಟವನ್ನು ಕೈಯಾರೆ ಬಲ್ಲವರು. ಬಲ್ಲವರ ಮುಂದೆ ನಡೆಯುವ ಕೌಶಲವೇ ಈ ಬಗೆಯ ಪ್ರದರ್ಶನದ ತಿರುಳೆಂಬುದು ಇಲ್ಲಿ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ.

ಆಕಾಶವೇ ರಂಗವಾದ ಬಗೆ

ವಿಮಾನವು ಸಾರಿಗೆಯ ಸಾಧನವಾಗುವುದಕ್ಕೆ ಮೊದಲೇ ಪ್ರದರ್ಶನದ ವಸ್ತುವಾಗಿತ್ತು. ರೈಟ್ ಸಹೋದರರು 1903ರಲ್ಲಿ ಹಾರಿದ ಆರು ವರ್ಷಗಳೊಳಗೆ, 1909ರ ಆಗಸ್ಟ್ ತಿಂಗಳಲ್ಲಿ ಫ್ರಾನ್ಸಿನ ರ‍್ಯಾಂಸ್ ನಗರದ ಬಳಿ ಒಂದು ವಾರದ ಅಂತರರಾಷ್ಟ್ರೀಯ ವಿಮಾನ ಮೇಳ ನಡೆದು, ವಿಮಾನವೆಂಬುದು ನಿಜವಾಗಿಯೂ ಹಾರುತ್ತದೆ ಎಂದು ಯೂರೋಪಿನ ಜನಸಾಮಾನ್ಯರು ಕಣ್ಣಾರೆ ಕಂಡು ನಂಬಿದರು. ಭಾರತದಲ್ಲಿಯೂ ಹಾಗೆಯೇ. 1911ರ ಫೆಬ್ರವರಿ 18ರಂದು ಅಲಹಾಬಾದಿನಿಂದ ನೈನಿಗೆ ಸುಮಾರು 6,500 ಪತ್ರಗಳನ್ನು ಹೊತ್ತು ಹಾರಿದ ಹೆನ್ರಿ ಪೆಕೆ ಎಂಬ ಫ್ರೆಂಚ್ ವೈಮಾನಿಕನ ಯಾನ ಜಗತ್ತಿನ ಮೊದಲ ಅಧಿಕೃತ ವಿಮಾನ ಅಂಚೆಯೆಂದು ಹೆಸರಾಗಿದೆ. ಆ ವಿಮಾನ ಅಲ್ಲಿಗೆ ಬಂದಿದ್ದು ನಗರದಲ್ಲಿ ನಡೆಯುತ್ತಿದ್ದ ಕೈಗಾರಿಕಾ ಪ್ರದರ್ಶನಕ್ಕೆ.

ಮೊದಲ ಮಹಾಯುದ್ಧದ ನಂತರ ಕೆಲಸವಿಲ್ಲದೆ ಉಳಿದ ಪೈಲಟ್‌ಗಳು ಅಮೆರಿಕದಲ್ಲಿ ಯುದ್ಧದಲ್ಲಿ ಮಿಕ್ಕ ಅಗ್ಗದ ತರಬೇತಿ ವಿಮಾನಗಳನ್ನು ಕೊಂಡು ಊರೂರು ಅಲೆದು, ಹೊಲಗಳಲ್ಲಿ ಇಳಿದು ಸಾಹಸ ತೋರಿಸಿ ಜೀವನ ನಡೆಸಿದರು. ಎರಡನೆಯ ಮಹಾಯುದ್ಧದ ನಂತರ ಈ ಕಲೆ ಅಲೆಮಾರಿಗಳ ಕೈಯಿಂದ ಸರ್ಕಾರಗಳ ಮತ್ತು ಕಾರ್ಖಾನೆಗಳ ಕೈಗೆ ಬಂತು. ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ 1948ರಿಂದ ನಡೆದ ಪ್ರದರ್ಶನಗಳು ಮಾರಾಟ ಮತ್ತು ಮನರಂಜನೆಗಳನ್ನು ಒಂದೇ ಅಂಗಳದಲ್ಲಿ ಸೇರಿಸಿದವು: ವಾರದ ಮೊದಲ ದಿನಗಳು ವ್ಯವಹಾರಕ್ಕೆ, ಕೊನೆಯ ದಿನಗಳು ಜನರಿಗೆ. ಏರೋ ಇಂಡಿಯಾ ಅನುಸರಿಸುವುದು ಇದೇ ಪದ್ಧತಿಯನ್ನು.

ಬೆಂಗಳೂರೇ ಏಕೆ

ಯಲಹಂಕಕ್ಕೆ ಈ ಪ್ರದರ್ಶನ ಬಂದದ್ದರ ಹಿಂದೆ ಅರ್ಧ ಶತಮಾನಕ್ಕೂ ಮೀರಿದ ತಯಾರಿಯಿತ್ತು. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಬೆಂಬಲದೊಂದಿಗೆ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಅದೇ ಮುಂದೆ ಹಿಂದೂಸ್ತಾನ್ ಏರೋನಾಟಿಕ್ಸ್, ಅಂದರೆ ಎಚ್‌ಎಎಲ್ ಆಯಿತು. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ, ಜರ್ಮನ್ ತಂತ್ರಜ್ಞ ಕುರ್ಟ್ ಟ್ಯಾಂಕ್ ವಿನ್ಯಾಸಗೊಳಿಸಿದ ಮರುತ್ ಯುದ್ಧವಿಮಾನ 1961ರಲ್ಲಿ, ಕಿರಣ್ ಜೆಟ್ ತರಬೇತಿ ವಿಮಾನ 1964ರಲ್ಲಿ, ತೇಜಸ್ ಯುದ್ಧವಿಮಾನ 2001ರ ಜನವರಿ 4ರಂದು ಈ ನಗರದ ಆಕಾಶದಲ್ಲಿಯೇ ಮೊದಲ ಬಾರಿಗೆ ಹಾರಿದವು. ಮರುತ್ ವಿಮಾನವನ್ನು ಮೊದಲು ಹಾರಿಸಿದ, 1970ರಲ್ಲಿ ಅದರ ಪರೀಕ್ಷೆಯಲ್ಲಿಯೇ ಪ್ರಾಣ ಕಳೆದುಕೊಂಡ ಸುರಂಜನ್ ದಾಸ್ ಅವರ ಹೆಸರನ್ನು ಹೊತ್ತ ರಸ್ತೆಯಲ್ಲಿ ಬೆಂಗಳೂರಿನವರು ದಿನವೂ ಓಡಾಡುತ್ತಾರೆ.

ಉತ್ತರ ಬೆಂಗಳೂರಿನ ಪಾಲೂ ಸಣ್ಣದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಯಲಹಂಕದ ಹಾರುದಾಣದಲ್ಲಿ ಬ್ರಿಟಿಷ್ ವಾಯುಪಡೆಯು ಮಾಸ್ಕಿಟೊ ಎಂಬ ಮರದ ಮೈಯ ಯುದ್ಧವಿಮಾನಗಳ ಪೈಲಟ್‌ಗಳಿಗೆ ತರಬೇತಿ ನೀಡುತ್ತಿತ್ತು. ಸ್ವಾತಂತ್ರ್ಯಾನಂತರ ಆ ನೆಲೆ ಭಾರತೀಯ ವಾಯುಪಡೆಯ ಸರಕು ವಿಮಾನಗಳ ಪೈಲಟ್‌ಗಳ ಶಾಲೆಯಾಯಿತು. ಅದರಿಂದ ಕೆಲವೇ ಕಿಲೋಮೀಟರ್ ದಕ್ಷಿಣಕ್ಕಿರುವ ಜಕ್ಕೂರಿನಲ್ಲಿ ರಾಜ್ಯ ಸರ್ಕಾರದ ವೈಮಾನಿಕ ತರಬೇತಿ ಶಾಲೆಯಿದೆ. ಹೀಗಾಗಿ ಈ ಭಾಗದ ಜನರಿಗೆ ವಿಮಾನ ಅಪರೂಪದ ವಸ್ತುವೇನಲ್ಲ. ವರ್ಷವಿಡೀ ನಿಧಾನವಾಗಿ ಸುತ್ತುವ ಸಾಧಾರಣ ವಿಮಾನಗಳನ್ನು ಕಂಡ ಕಣ್ಣುಗಳೇ ಫೆಬ್ರವರಿಯಲ್ಲಿ ಅದೇ ರನ್‌ವೇಯಿಂದ ನೆಟ್ಟಗೆ ಮೇಲೇರುವ ಯುದ್ಧವಿಮಾನವನ್ನು ಕಾಣುವುದರಿಂದ ವ್ಯತ್ಯಾಸದ ಅಳತೆ ಅವರಿಗೆ ಚೆನ್ನಾಗಿ ಸಿಗುತ್ತದೆ.

ಪ್ರಕೃತಿಯೂ ನೆರವಾಗಿದೆ. ಫೆಬ್ರವರಿಯಲ್ಲಿ ಬೆಂಗಳೂರಿನ ಆಕಾಶ ಬಹುಮಟ್ಟಿಗೆ ತಿಳಿಯಾಗಿರುತ್ತದೆ. ಆದರೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಪ್ರಸ್ಥಭೂಮಿಯಲ್ಲಿ ಗಾಳಿ ತೆಳು. ತೆಳು ಗಾಳಿಯಲ್ಲಿ ಎಂಜಿನ್ನಿನ ನೂಕುಬಲವೂ ರೆಕ್ಕೆಯ ಎತ್ತುವ ಬಲವೂ ತುಸು ಕುಗ್ಗುವುದರಿಂದ, ಕಡಲತೀರದಲ್ಲಿ ಅಭ್ಯಾಸ ಮಾಡಿ ಬಂದ ಪೈಲಟ್ ತನ್ನ ತಿರುವುಗಳ ಎತ್ತರವನ್ನೂ ವೇಗವನ್ನೂ ಇಲ್ಲಿಗೆ ಹೊಸದಾಗಿ ಲೆಕ್ಕ ಹಾಕಿಕೊಳ್ಳಬೇಕಾಗುತ್ತದೆ.

ಮೂರು ದಶಕಗಳ ಬೆಳವಣಿಗೆ

1996ರಲ್ಲಿ ಸಾಧಾರಣ ಗಾತ್ರದಲ್ಲಿ ಆರಂಭವಾದ ಏರೋ ಇಂಡಿಯಾ ವರ್ಷದಿಂದ ವರ್ಷಕ್ಕೆ ದೇಶದ ರಕ್ಷಣಾ ನೀತಿಯ ಕನ್ನಡಿಯಾಗುತ್ತ ಬಂದಿದೆ. ಭಾರತ 126 ಯುದ್ಧವಿಮಾನಗಳ ಖರೀದಿಗೆ ಹೊರಟಿದ್ದ ವರ್ಷಗಳಲ್ಲಿ, ಅಂದರೆ 2007ರಿಂದ 2011ರವರೆಗಿನ ಆವೃತ್ತಿಗಳಲ್ಲಿ, ರಫಾಲ್, ಯೂರೋಫೈಟರ್, ಎಫ್-16, ಎಫ್-18 ಮುಂತಾದ ಪ್ರತಿಸ್ಪರ್ಧಿಗಳು ಕೊಳ್ಳುವವರ ಎದುರು ತಮ್ಮ ಕಸುಬು ತೋರಿಸಲು ಯಲಹಂಕಕ್ಕೆ ಬಂದವು. ಆಮೇಲಿನ ಆವೃತ್ತಿಗಳಲ್ಲಿ ತೇಜಸ್, ಧ್ರುವ್, ಹಗುರ ಯುದ್ಧ ಹೆಲಿಕಾಪ್ಟರ್, ಎಚ್‌ಟಿಟಿ-40 ತರಬೇತಿ ವಿಮಾನಗಳಂತಹ ಬೆಂಗಳೂರಿನ ಕೂಸುಗಳು ರಂಗದ ನಡುವಿಗೆ ಸರಿದವು. 2018ರಲ್ಲಿ ಪ್ರದರ್ಶನವನ್ನು ಲಖನೌಗೆ ಸಾಗಿಸುವ ಮಾತು ಕೇಳಿಬಂದಾಗ ಕರ್ನಾಟಕದಲ್ಲಿ ಎದ್ದ ವಿರೋಧ ಪಕ್ಷಭೇದವನ್ನು ಮೀರಿತ್ತು. ಆ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಬೆಂಗಳೂರನ್ನೇ ಉಳಿಸಿಕೊಂಡಿತು. 2021ರ ಆವೃತ್ತಿ ಕೋವಿಡ್ ಸೋಂಕಿನ ಭಯದಲ್ಲಿ ಮೂರು ದಿನಗಳಿಗೆ ಕುಗ್ಗಿತು. 2025ರ ಫೆಬ್ರವರಿ 10ರಿಂದ 14ರವರೆಗೆ ನಡೆದ ಹದಿನೈದನೆಯ ಆವೃತ್ತಿಯಲ್ಲಿ 900ಕ್ಕೂ ಹೆಚ್ಚು ಪ್ರದರ್ಶಕರು ಪಾಲ್ಗೊಂಡರು. ಅಮೆರಿಕದ ಎಫ್-35 ಮತ್ತು ರಷ್ಯದ ಸು-57 ವಿಮಾನಗಳೆರಡೂ ಒಂದೇ ಅಂಗಳದಲ್ಲಿ ಕಾಣಿಸಿಕೊಂಡದ್ದು ಆ ವರ್ಷದ ದೊಡ್ಡ ಸುದ್ದಿಯಾಯಿತು.

ಏರೋ ಇಂಡಿಯಾದ ಜೊತೆಜೊತೆಗೇ ಬೆಳೆದದ್ದು ವಾಯುಪಡೆಯ ಸೂರ್ಯಕಿರಣ ತಂಡ. 1996ರಲ್ಲಿ ಬೀದರಿನ ವಾಯುಪಡೆ ನೆಲೆಯಲ್ಲಿ ಸ್ಥಾಪನೆಯಾದ ಈ ತಂಡ ಬೆಂಗಳೂರಿನಲ್ಲಿಯೇ ತಯಾರಾದ ಕಿರಣ್ ವಿಮಾನಗಳನ್ನು ಹಾರಿಸುತ್ತಿತ್ತು. 2009ರಲ್ಲಿ ಆರಂಭಿಕ ತರಬೇತಿಯ ಎಚ್‌ಪಿಟಿ-32 ವಿಮಾನಗಳ ಹಾರಾಟ ನಿಂತು, ಹೊಸ ಪೈಲಟ್‌ಗಳಿಗೆ ಕಲಿಸಲು ಕಿರಣ್‌ಗಳೇ ಬೇಕಾದಾಗ, 2011ರ ಏರೋ ಇಂಡಿಯಾದ ನಂತರ ತಂಡವನ್ನು ಅಮಾನತಿನಲ್ಲಿಡಲಾಯಿತು. ಕೆಲವು ವರ್ಷಗಳ ಬಳಿಕ, ಪರವಾನಗಿಯ ಮೇಲೆ ಎಚ್‌ಎಎಲ್ ತಯಾರಿಸುವ ಹಾಕ್ ವಿಮಾನಗಳೊಂದಿಗೆ ಅದು ಮತ್ತೆ ಚಿಗುರಿತು. 2003ರಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ಸಾರಂಗ್ ತಂಡ ನವಿಲಿನ ಬಣ್ಣ ಬಳಿದ ಧ್ರುವ್ ಹೆಲಿಕಾಪ್ಟರುಗಳನ್ನು ಹಾರಿಸುತ್ತದೆ. ಹೆಲಿಕಾಪ್ಟರುಗಳು ಗುಂಪಾಗಿ ಕಸರತ್ತು ತೋರಿಸುವ ತಂಡಗಳು ಜಗತ್ತಿನಲ್ಲಿಯೇ ವಿರಳ.

ಕಸರತ್ತಿನ ಒಳಗು

ನೆಲದಿಂದ ನೋಡುವವರಿಗೆ ಧೈರ್ಯದ ಆಟವಾಗಿ ಕಾಣುವುದು ಪೈಲಟ್‌ಗೆ ಶಿಸ್ತಿನ ಕೆಲಸ. ಸೂರ್ಯಕಿರಣದ ಒಂಬತ್ತು ವಿಮಾನಗಳು ವಜ್ರಾಕಾರದಲ್ಲಿ ಸಾಗುವಾಗ ರೆಕ್ಕೆಯಿಂದ ರೆಕ್ಕೆಗೆ ಇರುವ ಅಂತರ ಐದು ಮೀಟರಿಗೂ ಕಡಿಮೆ. ತಂಡದ ನಾಯಕನೊಬ್ಬನೇ ನೆಲ, ದಿಕ್ಕು, ಎತ್ತರಗಳನ್ನು ಗಮನಿಸುತ್ತಾನೆ. ಉಳಿದವರು ಪಕ್ಕದ ವಿಮಾನದ ಮೈಮೇಲಿನ ಗೊತ್ತುಪಡಿಸಿದ ಗುರುತುಗಳನ್ನು ಒಂದೇ ಗೆರೆಗೆ ಹೊಂದಿಸಿಕೊಂಡು, ಆ ಗೆರೆ ಕದಲದಂತೆ ಕೈಯನ್ನು ಸತತವಾಗಿ ಆಡಿಸುತ್ತಿರುತ್ತಾರೆ. ವಿಮಾನಗಳು ತಲೆಕೆಳಗಾಗಿ ಮಗುಚಿದಾಗಲೂ ಅವರ ನೋಟ ನೆಲದತ್ತ ಹೊರಳುವುದಿಲ್ಲ. ಹಿಂದೆ ಎಳೆದುಕೊಂಡು ಹೋಗುವ ಬಿಳಿ ಹೊಗೆಗೆ ಬೆಂಕಿಯ ಸಂಬಂಧವಿಲ್ಲ. ಎಂಜಿನ್ನಿನ ಬಿಸಿ ಹೊರಗಾಳಿಗೆ ಡೀಸೆಲ್ ಚಿಮ್ಮಿಸಿದಾಗ ಅದು ಆವಿಯಾಗಿ, ತಣ್ಣನೆಯ ಗಾಳಿಯಲ್ಲಿ ಮಂಜಿನಂತೆ ನಿಲ್ಲುತ್ತದೆ. ಬಣ್ಣ ಬೆರೆಸಿದರೆ ಕೇಸರಿ, ಹಸಿರು ಗೆರೆಗಳು ಮೂಡುತ್ತವೆ. ಈ ಹೊಗೆ ಅಲಂಕಾರವಷ್ಟೇ ಆಗಿರದೆ, ವಿಮಾನ ಸಾಗಿದ ದಾರಿಯನ್ನು ನೋಡುಗರ ಕಣ್ಣಿಗೆ ಬರೆದು ತೋರಿಸಿ, ಅದರ ನಿಖರತೆಯನ್ನು ಪರೀಕ್ಷೆಗೆ ಒಡ್ಡುತ್ತದೆ.

ಒಂಟಿ ಯುದ್ಧವಿಮಾನದ ಪ್ರದರ್ಶನಕ್ಕೆ ಬೇರೆಯೇ ವ್ಯಾಕರಣವಿದೆ. ಸುಖೋಯ್-30 ಎಂಕೆಐ ತನ್ನ ಎಂಜಿನ್ನುಗಳ ಮೂತಿಯನ್ನೇ ಬಾಗಿಸಿ ನೂಕುಬಲದ ದಿಕ್ಕು ಬದಲಿಸಬಲ್ಲದಾದ್ದರಿಂದ, ರೆಕ್ಕೆಗಳು ಗಾಳಿಯ ಹಿಡಿತ ಕಳೆದುಕೊಳ್ಳುವಷ್ಟು ನಿಧಾನದಲ್ಲಿಯೂ ಮೂಗು ತಿರುಗಿಸಿ ಹೊರಳುತ್ತದೆ. ಇಂಥ ವಿಮಾನಗಳಲ್ಲಿರುವ ಆಫ್ಟರ್‌ಬರ್ನರ್ ಎಂದರೆ ಎಂಜಿನ್ನಿನಿಂದ ಹೊರಬರುವ ಬಿಸಿ ಗಾಳಿಗೆ ಮತ್ತೆ ಇಂಧನ ಸುರಿದು ಉರಿಸಿ ಹೆಚ್ಚುವರಿ ನೂಕುಬಲ ಪಡೆಯುವ ಏರ್ಪಾಡು. ವಾಯುನೆಲೆಯ ಪಕ್ಕದ ಹುಣಸಮಾರನಹಳ್ಳಿಯ ಮನೆಗಳ ಕಿಟಕಿ ಗಾಜುಗಳು ನಡುಗುವುದು ಇದರ ಸದ್ದಿಗೆ. ಮೋಡ ಕೆಳಗಿದ್ದರೆ ಎತ್ತರದ ಸುತ್ತುಗಳನ್ನು ಬಿಟ್ಟು ಅಡ್ಡ ಹಾಯುವ ಕಸರತ್ತುಗಳನ್ನಷ್ಟೇ ಮಾಡುವಂತೆ ಪ್ರತಿ ತಂಡವೂ ಮೊದಲೇ ಎರಡು ಮೂರು ಬಗೆಯ ಕಾರ್ಯಕ್ರಮಗಳನ್ನು ಸಿದ್ಧಪಡಿಸಿಕೊಂಡಿರುತ್ತದೆ. ನೋಡುಗರು ಆ ಕ್ಷಣದ ಆವೇಶವೆಂದು ತಿಳಿಯುವ ಪ್ರತಿಯೊಂದು ತಿರುವೂ ಕಾಗದದ ಮೇಲೆ ಗೆರೆ ಹಾಕಿ, ಎತ್ತರದಲ್ಲಿ ಅಭ್ಯಾಸ ಮಾಡಿ, ಒಪ್ಪಿಗೆ ಪಡೆದ ಬಳಿಕವೇ ಕೆಳಕ್ಕೆ ಇಳಿದು ಬಂದದ್ದು.

ಆಕರ್ಷಣೆಯ ಎಳೆಗಳು

ಈ ಪ್ರದರ್ಶನಗಳ ಸೆಳೆತವನ್ನು ಬಿಡಿಸಿ ನೋಡಿದರೆ ನಾಲ್ಕು ಎಳೆಗಳು ಕಾಣುತ್ತವೆ. ಮೊದಲನೆಯದು ಇಂದ್ರಿಯಗಳ ಅನುಭವ. ಮಾನ್‌ಸ್ಟರ್ ಟ್ರಕ್ಕಿನ ಗುಡುಗನ್ನಾಗಲಿ ತೇಜಸ್‌ನ ಏರಿಕೆಯನ್ನಾಗಲಿ ಜನ ಕಿವಿಯಿಂದ ಕೇಳುವುದಕ್ಕಿಂತ ಹೆಚ್ಚಾಗಿ ಎದೆಗೂಡಿನಿಂದ ಕೇಳುತ್ತಾರೆ. ಒಂದು ಕಿಲೋಮೀಟರ್ ದೂರದ ಸದ್ದು ತಲುಪಲು ಸುಮಾರು ಮೂರು ಸೆಕೆಂಡು ಬೇಕಾಗುವುದರಿಂದ, ವಿಮಾನ ಕಣ್ಣಮುಂದೆ ಹಾದುಹೋದ ಮೇಲೆ ಬರುವ ಗರ್ಜನೆ ಯಾವ ಪರದೆಯೂ ಕೊಡಲಾರದ ಬೆರಗನ್ನು ಕೊಡುತ್ತದೆ.

ಎರಡನೆಯದು ಪರಿಚಯ. ಅಮೆರಿಕದ ರೈತನ ಮನೆಮುಂದೆ ನಿಲ್ಲುವ ಪಿಕಪ್ ಗಾಡಿಯೇ ದೈತ್ಯಾಕಾರ ತಾಳಿ ಬಂದದ್ದು ಮಾನ್‌ಸ್ಟರ್ ಟ್ರಕ್ಕಿನ ಮೋಡಿ. ಬೆಂಗಳೂರಿನಲ್ಲಿ ಈ ಪರಿಚಯ ಕಸುಬಿನ ಮೂಲಕ ಬಂದದ್ದು. ಎಚ್‌ಎಎಲ್, ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ರಕ್ಷಣಾ ಸಂಶೋಧನಾ ಸಂಸ್ಥೆಯ ಪ್ರಯೋಗಾಲಯಗಳು ಮತ್ತು ಪೀಣ್ಯ, ಯಶವಂತಪುರಗಳ ಬಿಡಿಭಾಗ ತಯಾರಿಸುವ ಘಟಕಗಳಲ್ಲಿ ದುಡಿದ ತಲೆಮಾರುಗಳ ನಗರವಿದು. ತಾನು ಕಡೆದ, ತಪಾಸಣೆ ಮಾಡಿದ, ಬೆಸುಗೆ ಹಾಕಿದ ಬಗೆಯ ಭಾಗವೊಂದು ಆಕಾಶದಲ್ಲಿ ಕಸರತ್ತಿನ ಒತ್ತಡ ತಾಳುವುದನ್ನು ನೋಡುವವನ ಕಣ್ಣು ಬರಿಯ ಪ್ರೇಕ್ಷಕನದಲ್ಲ.

ಮೂರನೆಯದು ತೆರೆದ ಬಾಗಿಲು. ರಕ್ಷಣಾ ನೆಲೆಯ ಗೋಡೆಯ ಹಿಂದೆ ಮುಚ್ಚಿಟ್ಟ, ತೆರಿಗೆಯ ಹಣದಿಂದ ಕೊಂಡ ವಸ್ತುಗಳನ್ನು ಜನ ಹತ್ತಿರದಿಂದ ನೋಡಲು ಸಿಗುವ ಅವಕಾಶ ಬಹಳ ಕಡಿಮೆ. ಸ್ಟ್ಯಾಟಿಕ್ ಡಿಸ್‌ಪ್ಲೇ, ಅಂದರೆ ನಿಲ್ಲಿಸಿಟ್ಟ ವಿಮಾನಗಳ ಸಾಲು, ಹಾರಾಟದಷ್ಟೇ ಜನರನ್ನು ಸೆಳೆಯುವುದು ಇದೇ ಕಾರಣಕ್ಕೆ. ಅಲ್ಲಿ ಮಕ್ಕಳು ಪೈಲಟ್‌ನನ್ನು ಮಾತನಾಡಿಸುತ್ತಾರೆ, ರೆಕ್ಕೆಯ ಮೇಲಿನ ಮೊಳೆಗಳ ಸಾಲನ್ನು ಎಣಿಸುತ್ತಾರೆ, ಚಕ್ರ ಮಡಚುವ ಗೂಡನ್ನು ಬಗ್ಗಿ ನೋಡುತ್ತಾರೆ. ಅಲ್ಲಿ ಎದ್ದ ಪ್ರಶ್ನೆಯೊಂದು ಮುಂದೆ ಎಂಜಿನಿಯರಿಂಗ್ ಓದಿಗೆ ದಾರಿಯಾಗುವುದೂ ಉಂಟು.

ನಾಲ್ಕನೆಯದು, ಉಳಿದ ಮೂರನ್ನೂ ಕಟ್ಟಿಹಿಡಿಯುವುದು, ಹಿಡಿತದ ಸೊಗಸು. ಅಪಾಯ ಹತ್ತಿರವಿದ್ದೂ ಅದು ನಡೆಯದಿರುವುದೇ ಈ ಕಲೆಯ ರಸ. ಅಪಘಾತ ನೋಡಲೆಂದೇ ಜನ ಸೇರುತ್ತಾರೆ ಎಂಬ ಮಾತು ಆಗಾಗ ಕೇಳಿಬಂದರೂ, ಅದು ಜನರಿಗೆ ಮಾಡುವ ಅನ್ಯಾಯ. ಕಲ್ಲು ಜಗ್ಗುವ ಎತ್ತು ಮಂಡಿಯೂರಿದಾಗ ಜಾತ್ರೆಯ ಜನ ಮರುಗುತ್ತಾರೆಯೇ ಹೊರತು ಹಿಗ್ಗುವುದಿಲ್ಲ. 2019ರಲ್ಲಿ ಸೂರ್ಯಕಿರಣದ ವಿಮಾನಗಳು ಡಿಕ್ಕಿಯಾದಾಗ ಯಲಹಂಕ ಅನುಭವಿಸಿದ್ದೂ ಶೋಕವನ್ನೇ.

ಅಪಾಯದ ಲೆಕ್ಕ

ಈ ಕಲೆಯ ಚರಿತ್ರೆಯಲ್ಲಿ ಸಾವುಗಳಿವೆ, ಅವನ್ನು ಬದಿಗಿಟ್ಟು ಸಮೀಕ್ಷೆ ಪೂರ್ಣವಾಗದು. 1952ರಲ್ಲಿ ಫಾರ್ನ್‌ಬರೋದಲ್ಲಿ ಜೆಟ್ ವಿಮಾನವೊಂದು ಆಕಾಶದಲ್ಲಿಯೇ ಒಡೆದು, ಅದರ ಎಂಜಿನ್ ಜನರ ಮೇಲೆ ಬಿದ್ದಾಗ 29 ಪ್ರೇಕ್ಷಕರೂ ವಿಮಾನದಲ್ಲಿದ್ದ ಇಬ್ಬರೂ ಸತ್ತರು. ಜೆಟ್ ವಿಮಾನಗಳು ನೆಟ್ಟಗೆ ಹಾರುವಾಗ ಜನರಿಂದ ಕನಿಷ್ಠ 230 ಮೀಟರ್, ಕಸರತ್ತು ಮಾಡುವಾಗ 450 ಮೀಟರ್ ದೂರವಿರಬೇಕೆಂಬ ನಿಯಮ ಬ್ರಿಟನ್ನಿನಲ್ಲಿ ಬಂದದ್ದು ಅದರ ನಂತರ. 1988ರಲ್ಲಿ ಜರ್ಮನಿಯ ರಾಮ್‌ಸ್ಟೈನ್‌ನಲ್ಲಿ 70 ಮಂದಿ, 2002ರಲ್ಲಿ ಉಕ್ರೇನಿನ ಲ್ವಿವ್ ನಗರದ ಬಳಿ 77 ಮಂದಿ ಸತ್ತ ದುರಂತಗಳಾದ ಮೇಲೆ, ವಿಮಾನದ ಮೂಗು ಜನರ ಕಡೆ ತಿರುಗುವ ಕಸರತ್ತುಗಳಿಗೆ ಕಡಿವಾಣ ಬಿಗಿಯಾಯಿತು. ಮಾನ್‌ಸ್ಟರ್ ಟ್ರಕ್ಕುಗಳ ಚರಿತ್ರೆಯೂ ಭಿನ್ನವಲ್ಲ. ಚಾಲಕ ಹಿಡಿತ ತಪ್ಪಿದಾಗ ಹೊರಗಿನಿಂದಲೇ ಎಂಜಿನ್ ನಿಲ್ಲಿಸುವ ರೇಡಿಯೋ ಸಾಧನವನ್ನು ಅಮೆರಿಕದ ಸಂಘಟಕರು ಕಡ್ಡಾಯಗೊಳಿಸಿದರು. ಆದರೂ 2013ರಲ್ಲಿ ಮೆಕ್ಸಿಕೋದ ಚಿವಾವಾದಲ್ಲಿಯೂ 2014ರಲ್ಲಿ ನೆದರ್ಲೆಂಡ್ಸಿನ ಹಾಕ್ಸ್‌ಬರ್ಗನ್‌ನಲ್ಲಿಯೂ ಟ್ರಕ್ಕುಗಳು ಜನರೊಳಗೆ ನುಗ್ಗಿ ಜೀವಗಳು ಹೋದವು.

ಯಲಹಂಕ ತನ್ನ ಪಾಲಿನ ನೋವು ಕಂಡಿದೆ. 2007ರ ಪೂರ್ವಾಭ್ಯಾಸದಲ್ಲಿ ಸಾರಂಗ್ ತಂಡದ ಹೆಲಿಕಾಪ್ಟರ್ ಬಿದ್ದು ಒಬ್ಬ ಪೈಲಟ್ ಮೃತಪಟ್ಟರು. 2015ರಲ್ಲಿ ಝೆಕ್ ದೇಶದ ತಂಡದ ಎರಡು ವಿಮಾನಗಳ ರೆಕ್ಕೆಗಳು ಆಕಾಶದಲ್ಲಿ ತಗುಲಿದರೂ ಎರಡೂ ಸುರಕ್ಷಿತವಾಗಿ ಇಳಿದವು. 2019ರ ಫೆಬ್ರವರಿ 19ರ ಪೂರ್ವಾಭ್ಯಾಸದಲ್ಲಿ ಸೂರ್ಯಕಿರಣದ ಎರಡು ಹಾಕ್ ವಿಮಾನಗಳು ಡಿಕ್ಕಿಯಾಗಿ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ಅಸುನೀಗಿದರು. ನಾಲ್ಕು ದಿನಗಳ ಬಳಿಕ, ಒಣಹುಲ್ಲು ತುಂಬಿದ್ದ ವಾಹನ ನಿಲುಗಡೆಯ ಬಯಲಿನಲ್ಲಿ ಬೆಂಕಿ ಹಬ್ಬಿ ಸುಮಾರು 300 ಕಾರುಗಳು ಸುಟ್ಟುಹೋದವು. ಯಲಹಂಕದ ಆಚೆ, 2025ರ ನವೆಂಬರಿನಲ್ಲಿ ದುಬೈ ಪ್ರದರ್ಶನದಲ್ಲಿ ತೇಜಸ್ ಬಿದ್ದು ಪೈಲಟ್ ಮೃತಪಟ್ಟರು. ವಿಮಾನಗಳಷ್ಟೇ ಜನಸಂದಣಿಯೂ ಅಪಾಯ ತರಬಲ್ಲದೆಂಬುದಕ್ಕೆ 2024ರ ಅಕ್ಟೋಬರಿನಲ್ಲಿ ಚೆನ್ನೈನ ಮರೀನಾ ಕಡಲತೀರದ ವಾಯುಪಡೆ ಪ್ರದರ್ಶನವೇ ಸಾಕ್ಷಿ. ಅಲ್ಲಿ ಆಕಾಶದಲ್ಲಿ ಎಲ್ಲವೂ ಸರಿಯಾಗಿ ನಡೆದರೂ ನೆಲದ ಮೇಲೆ ಬಿಸಿಲು ಮತ್ತು ನೂಕುನುಗ್ಗಲಿನ ನಡುವೆ ಐವರು ಪ್ರಾಣ ಕಳೆದುಕೊಂಡರು. ನಿಯಮಗಳು ಬಿಗಿಯಾದಷ್ಟೂ ಪ್ರದರ್ಶನದ ರಂಗು ಕುಂದುತ್ತದೆಂಬ ವಾದಕ್ಕೆ ಈ ಚರಿತ್ರೆಯಲ್ಲಿ ಆಧಾರವಿಲ್ಲ. ಪ್ರತಿಯೊಂದು ನಿಯಮವೂ ಬಂದ ಮೇಲೆ ಪೈಲಟ್‌ಗಳು ಆ ಚೌಕಟ್ಟಿನೊಳಗೇ ಹೊಸ ಕಸರತ್ತುಗಳನ್ನು ಕಂಡುಕೊಂಡಿದ್ದಾರೆ, ಜನರೂ ಬರುತ್ತಲೇ ಇದ್ದಾರೆ.

ಬೇಲಿಯ ಹೊರಗಿನವರು

ಏರೋ ಇಂಡಿಯಾವನ್ನು ಬೇಲಿಯೊಳಗೆ ನಿಂತು ನೋಡುವವರಿಗಿಂತ ಹೊರಗಿನಿಂದ ನೋಡುವವರ ಬಳಗ ದೊಡ್ಡದು. 2025ರಲ್ಲಿ ಹಾರಾಟ ವೀಕ್ಷಣೆಯ ವಲಯಕ್ಕೆ ಒಬ್ಬರಿಗೆ 1,000 ರೂಪಾಯಿ, ಮೇಳದ ಒಳಗೆ ಸಾಮಾನ್ಯ ಪ್ರವೇಶಕ್ಕೆ 2,500 ರೂಪಾಯಿ ಟಿಕೆಟ್ ಇತ್ತು. ನಾಲ್ಕು ಜನರ ಸಂಸಾರಕ್ಕೆ ಅದು ಸಣ್ಣ ಮೊತ್ತವಲ್ಲ. ಹೀಗಾಗಿ ಯಲಹಂಕ ಉಪನಗರದ ತಾರಸಿಗಳು, ಹುಣಸಮಾರನಹಳ್ಳಿಯ ಖಾಲಿ ನಿವೇಶನಗಳು, ಬಳ್ಳಾರಿ ರಸ್ತೆಯ ಮೇಲ್ಸೇತುವೆಯ ಅಂಚುಗಳು ತಾವೇ ಗ್ಯಾಲರಿಗಳಾಗುತ್ತವೆ. ವೇಗದ ವಾಹನಗಳ ಪಕ್ಕದಲ್ಲಿ ಸ್ಕೂಟರ್ ನಿಲ್ಲಿಸಿ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡವರನ್ನು ಪೊಲೀಸರು ಚದುರಿಸುತ್ತ ಹೋಗುವುದು ಪ್ರತಿ ಆವೃತ್ತಿಯಲ್ಲಿಯೂ ಕಾಣುವ ನೋಟ. ಒಳಗಿನವರಿಗೆ ಇಷ್ಟೊಂದು ಸುರಕ್ಷತಾ ಲೆಕ್ಕಾಚಾರವಿರುವಾಗ ಹೊರಗಿನವರನ್ನು ಸಂಚಾರದ ಅಡಚಣೆಯೆಂದಷ್ಟೇ ಪರಿಗಣಿಸುವುದು ನ್ಯಾಯವಲ್ಲ.

ಇನ್ನೊಂದು ಹೊರೆ ಮಾಂಸದ ಅಂಗಡಿಗಳ ಮೇಲೆ ಬೀಳುತ್ತದೆ. ಮಾಂಸದ ತ್ಯಾಜ್ಯಕ್ಕೆ ಹದ್ದುಗಳು ಎರಗಿ, ಅವು ವಿಮಾನದ ಎಂಜಿನ್ನಿಗೆ ಸಿಲುಕಿದರೆ ಅನಾಹುತವಾಗಬಹುದಾದ್ದರಿಂದ, ಪ್ರದರ್ಶನದ ಕಾಲದಲ್ಲಿ ಸುತ್ತಲಿನ ಪ್ರದೇಶದಲ್ಲಿ ಮಾಂಸ ಮಾರಾಟವನ್ನೂ ಹೋಟೆಲುಗಳಲ್ಲಿ ಮಾಂಸಾಹಾರವನ್ನೂ ನಿಷೇಧಿಸಲಾಗುತ್ತದೆ. 2025ರಲ್ಲಿ ಈ ನಿಷೇಧ ಜನವರಿ 23ರಿಂದ ಫೆಬ್ರವರಿ 17ರವರೆಗೆ, ವಾಯುನೆಲೆಯಿಂದ 13 ಕಿಲೋಮೀಟರ್ ವ್ಯಾಪ್ತಿಯಲ್ಲಿ ಜಾರಿಯಲ್ಲಿತ್ತು. ಹಕ್ಕಿಗಳ ಅಪಾಯ ನಿಜವಾದದ್ದು, ಅದರಲ್ಲಿ ಸಂದೇಹವಿಲ್ಲ. ಆದರೆ ಐದು ದಿನಗಳ ಪ್ರದರ್ಶನಕ್ಕಾಗಿ ಸಣ್ಣ ಅಂಗಡಿಯವನೊಬ್ಬ ಮೂರು ವಾರಕ್ಕೂ ಮೀರಿ ಗಳಿಕೆಯಿಲ್ಲದೆ ಕೂರುವಾಗ, ಆ ನಷ್ಟವನ್ನು ಪ್ರದರ್ಶನದ ಖರ್ಚಿನಲ್ಲಿ ಸೇರಿಸಬೇಕಾದದ್ದು ಧರ್ಮ. ಯಲಹಂಕದಲ್ಲಿಯೂ ಪಕ್ಕದ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿಯೂ ವರ್ಷವಿಡೀ ವಿಮಾನಗಳು ಹಾರುವುದರಿಂದ, ಕಸದ ವಿಲೇವಾರಿಯನ್ನು ವರ್ಷವಿಡೀ ಸರಿಯಾಗಿ ನಡೆಸುವುದು ನಿಷೇಧಕ್ಕಿಂತ ಗಟ್ಟಿಯಾದ ಪರಿಹಾರ.

ಆಕ್ಷೇಪಗಳು ಮತ್ತು ಮುಂದಿನ ದಾರಿ

ಪ್ರದರ್ಶನದ ಬಗ್ಗೆ ಮೂಲಭೂತವಾದ ಆಕ್ಷೇಪಗಳೂ ಇವೆ. ಕೊಲ್ಲುವ ಸಾಧನಗಳನ್ನು ಹಬ್ಬದ ವಸ್ತುವಾಗಿಸುವುದು ಮಕ್ಕಳ ಮನಸ್ಸಿನಲ್ಲಿ ಯುದ್ಧವನ್ನು ಹಗುರಗೊಳಿಸುತ್ತದೆ ಎಂಬುದು ಒಂದು. ಇಂಧನದ ವ್ಯಯ, ಹೊಗೆ ಮತ್ತು ಸದ್ದು ಇನ್ನೊಂದು. ಎರಡರಲ್ಲಿಯೂ ಸತ್ಯವಿದೆ. ಮಾನ್‌ಸ್ಟರ್ ಟ್ರಕ್ಕಿಗೆ ತುಳಿಯುವುದರ ಹೊರತು ಬೇರೆ ಉದ್ದೇಶವಿಲ್ಲ, ಯುದ್ಧವಿಮಾನಕ್ಕಾದರೋ ಮೈದಾನದ ಆಚೆಗೆ ಭೀಕರವಾದ ಉದ್ದೇಶವಿದೆ. ಈ ಕಾರಣದಿಂದಲೇ ಪ್ರದರ್ಶನಕ್ಕೆ ವಿವರಣೆ ಬೇಕು: ಯಂತ್ರ ಹೇಗೆ ಕೆಲಸ ಮಾಡುತ್ತದೆ, ಯಾರು ಕಟ್ಟಿದರು, ಎಷ್ಟು ಖರ್ಚಾಯಿತು, ಯಾತಕ್ಕೆ ಬಳಕೆಯಾಗುತ್ತದೆ ಎಂಬುದನ್ನು ತಿಳಿದು ನೋಡುವ ಪ್ರಜೆ ಬರಿಯ ಸದ್ದಿಗೆ ಮರುಳಾಗುವುದಿಲ್ಲ.

ಇದಕ್ಕೆ ಬೇಕಾದ ಸಾಮಗ್ರಿ ಉತ್ತರ ಬೆಂಗಳೂರಿನಲ್ಲಿಯೇ ಇದೆ. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯವು ತನ್ನ ಜಿಕೆವಿಕೆ ಆವರಣದಲ್ಲಿ ನಡೆಸುವ ಕೃಷಿಮೇಳದಲ್ಲಿ ರೈತರು ಟ್ರ್ಯಾಕ್ಟರು, ಟಿಲ್ಲರುಗಳನ್ನು ಮುಟ್ಟಿ ನೋಡುತ್ತಾರೆ, ಬೆಲೆ ಕೇಳುತ್ತಾರೆ, ತಜ್ಞರೊಂದಿಗೆ ಕನ್ನಡದಲ್ಲಿಯೇ ವಾದಿಸುತ್ತಾರೆ. ಏರೋ ಇಂಡಿಯಾದ ದಿನಗಳಲ್ಲಿ ಅದೇ ಆವರಣವನ್ನು ವಾಹನಗಳ ನಿಲುಗಡೆಗೂ, ಅಲ್ಲಿಂದ ಉಚಿತ ಬಸ್ಸುಗಳಿಗೂ ಬಳಸಿಕೊಂಡದ್ದುಂಟು. ಅಂಥ ಬಯಲುಗಳನ್ನು ನಿಲುಗಡೆಗೆ ಸೀಮಿತಗೊಳಿಸದೆ, ಹಾರಾಟದ ದಾರಿಯಿಂದ ಸುರಕ್ಷಿತ ದೂರದಲ್ಲಿ, ನೆರಳು, ಕುಡಿಯುವ ನೀರು, ಶೌಚಾಲಯ ಮತ್ತು ಕನ್ನಡದ ವೀಕ್ಷಕ ವಿವರಣೆ ಇರುವ ಉಚಿತ ವೀಕ್ಷಣಾ ತಾಣಗಳಾಗಿ ಸಿದ್ಧಪಡಿಸಿದರೆ ಮೇಲ್ಸೇತುವೆಯ ಅಪಾಯ ಕಡಿಮೆಯಾಗುತ್ತದೆ, ಸರ್ಕಾರಿ ಶಾಲೆಗಳ ಮಕ್ಕಳಿಗೂ ಪ್ರದರ್ಶನ ದಕ್ಕುತ್ತದೆ. ಕಾರ್ಖಾನೆಗಳಲ್ಲಿ ದುಡಿದ ನಿವೃತ್ತ ತಂತ್ರಜ್ಞರು ಅಲ್ಲಿ ವಿವರಿಸುವವರಾದರೆ ಈ ಊರಿನ ಕಸುಬಿನ ನೆನಪೂ ಮುಂದಿನವರಿಗೆ ಸಾಗುತ್ತದೆ.

ಕುದುರೆಯ ಎಳೆತದಿಂದ ಬಿಗ್‌ಫುಟ್‌ವರೆಗೆ, ಕಲ್ಲು ಜಗ್ಗುವ ಎತ್ತಿನಿಂದ ತೇಜಸ್‌ವರೆಗೆ ಈ ಪ್ರದರ್ಶನಗಳ ಚರಿತ್ರೆ ಒಂದು ಸಂಗತಿಯನ್ನು ಬಿಡದೆ ಹೇಳುತ್ತದೆ: ಬಲ ಹೆಚ್ಚಿದಂತೆಲ್ಲ ಅದನ್ನು ಹಿಡಿದು ನಡೆಸುವ ಕೌಶಲವೂ, ಅದರಿಂದ ಯಾರಿಗೂ ಕೇಡಾಗದಂತೆ ನೋಡಿಕೊಳ್ಳುವ ಹೊಣೆಯೂ ಹೆಚ್ಚಬೇಕು. ಆಕಾಶದಲ್ಲಿ ಆ ಕೌಶಲವನ್ನು ಭಾರತದ ಪೈಲಟ್‌ಗಳೂ ಬೆಂಗಳೂರಿನ ತಂತ್ರಜ್ಞರೂ ಮೂರು ದಶಕಗಳಿಂದ ತೋರಿಸುತ್ತ ಬಂದಿದ್ದಾರೆ. ಅದೇ ಮಟ್ಟದ ಯೋಜನೆ ಬೇಲಿಯ ಹೊರಗಿನ ಜನರಿಗೂ, ಅಂಗಡಿ ಮುಚ್ಚಿ ಕೂತವರಿಗೂ, ಬಿಸಿಲಲ್ಲಿ ನಿಂತ ಮಕ್ಕಳಿಗೂ ದೊರೆತಾಗ ಯಲಹಂಕದ ಪ್ರದರ್ಶನವನ್ನು ಈ ನಾಡಿನ ಜನ ನಿಸ್ಸಂಕೋಚವಾಗಿ ತಮ್ಮದೆಂದು ಹೇಳಿಕೊಳ್ಳಬಹುದು.